ಚೋರ್ಲಾ ಘಾಟಿಯಿಂದ ಮಿಲಾಗ್ರಿಸ್‌ವರೆಗೆ: ಒಬ್ಬ ಬಿಷಪ್ಪರ ಜಾಡಿನಲ್ಲಿ

ಬುಧವಾರ: ಘಾಟಿ ಇಳಿದು ಡಿಚೋಲಿಗೆ

ಬೆಳಗಾವಿ ದಾಟಿ ಜಾಂಬೋಟಿ ರಸ್ತೆ ಹಿಡಿದಾಗ ಮಳೆ ನಿಂತಿತ್ತು. ಸೆಪ್ಟೆಂಬರ್ ಕೊನೆ ವಾರ. ರಸ್ತೆ ಮಾತ್ರ ಜೂನ್‌ನಿಂದ ತಿಂದ ಪೆಟ್ಟನ್ನೆಲ್ಲ ಮೈಮೇಲೆ ಹೊತ್ತುಕೊಂಡಿತ್ತು. ತಮ್ಮ ಗಾಡಿ ಓಡಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು ಅವನಿಗೆ ಒಬ್ಬ ಬಿಷಪ್ಪರ ಕಥೆ ಹೇಳುತ್ತಿದ್ದೆ.

ಅವರ ಹೆಸರು ಮತೆಯುಸ್ ಡಿ ಕ್ಯಾಸ್ಟ್ರೊ. ಹುಟ್ಟಿದ್ದು 1594ರ ಸುಮಾರಿಗೆ, ಗೋವಾದ ದಿವಾರ್ ದ್ವೀಪದ ನಾವೆಲಿಂ ಎಂಬ ಹಳ್ಳಿಯಲ್ಲಿ. ಕ್ರೈಸ್ತರಾದ ಕೊಂಕಣಿ ಬ್ರಾಹ್ಮಣರ ಮನೆ. ಪಾದ್ರಿ ಆಗಬೇಕು ಅನ್ನೋದು ಅವರ ಆಸೆ. ಗೋವಾದ ಆರ್ಚ್‌ಬಿಷಪ್ ಆಗೋದಿಲ್ಲ ಅಂದರು. ಈ ನೆಲದ ಹುಡುಗರಿಗೆ ಅಷ್ಟು ಸುಲಭಕ್ಕೆ ದೀಕ್ಷೆ ಕೊಡುವ ಕಾಲ ಅದಲ್ಲ. ಇವರು ಸುಮ್ನೆ ಕೂರಲಿಲ್ಲ. ಊರು ಬಿಟ್ಟು 1625ರಲ್ಲಿ ರೋಮ್ ಸೇರಿದರು. ಅಲ್ಲೇ ಓದಿದರು, ಅಲ್ಲೇ ಪಾದ್ರಿಯಾದರು. 1637ರಲ್ಲಿ ಅಲ್ಲೇ ಬಿಷಪ್ ಕೂಡ ಆದರು. ಲ್ಯಾಟಿನ್ ಪಂಥದಲ್ಲಿ, ಅಂದರೆ ರೋಮಿನ ಪೂಜಾ ಪದ್ಧತಿ ಹಿಡಿದ ಕ್ಯಾಥೊಲಿಕರಲ್ಲಿ, ಬಿಷಪ್ ಆದ ಮೊದಲ ಭಾರತೀಯ ಇವರೇ. ಅವರಿಗೆ ವಹಿಸಿದ ಸೀಮೆ ಯಾವುದು ಗೊತ್ತಾ? ಆದಿಲ್‌ಶಾಹಿ ರಾಜ್ಯ, ಅಂದರೆ ನಮ್ಮ ವಿಜಯಪುರ.

"ವಿಜಯಪುರಕ್ಕ ಬಿಷಪ್ಪಾ? ಗೋಳಗುಮ್ಮಟದ ಕಾಲದಾಗ?" ಅಂತ ತಮ್ಮ ಬ್ರೇಕ್ ಮೇಲೆ ಕಾಲಿಟ್ಟೇ ಕೇಳಿದ. ಎದುರಿಗೆ ಗುಂಡಿ ಇತ್ತು.

ಹೌದು, ಅದೇ ಕಾಲ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನೇ ಆಗ ಸುಲ್ತಾನ. ಗೋವಾದ ಪೋರ್ಚುಗೀಸರು ಊರೊಳಗೆ ಬಿಟ್ಟುಕೊಳ್ಳದ ಈ ಬಿಷಪ್ಪರಿಗೆ ತನ್ನ ರಾಜ್ಯದಲ್ಲಿ ಚರ್ಚ್ ಕಟ್ಟಲು ಅವನು ಒಪ್ಪಿಗೆ ಕೊಟ್ಟ. ಕ್ಯಾಸ್ಟ್ರೊ ನೆಲೆ ನಿಂತದ್ದು ಆ ರಾಜ್ಯದ ಪಡುವಣ ಅಂಚಿನಲ್ಲಿ, ಡಿಚೋಲಿಯಲ್ಲಿ. ಇಂಗ್ಲಿಷ್ ಬೋರ್ಡುಗಳಲ್ಲಿ ಬಿಚೋಲಿಂ ಅಂತ ಇರುತ್ತದೆ. ಅದಕ್ಕೇ ನಾವು ಪಣಜಿ, ಕಡಲು ಎಲ್ಲ ಬಿಟ್ಟು ಮೊದಲು ಅಲ್ಲಿಗೆ ಹೊರಟಿದ್ದು.

ಕಣಕುಂಬಿಯಲ್ಲಿ ಇಳಿದು ಮಲಪ್ರಭೆ ಹುಟ್ಟುವ ಜಾಗಕ್ಕೆ ಕೈಮುಗಿದೆವು. ಮಾವುಲಿ ಗುಡಿ ಹತ್ತಿರದ ಕೊಳ ತುಂಬಿ ನಿಂತಿತ್ತು. ನಮ್ಮ ಬಯಲುಸೀಮೆಯ ಇಷ್ಟೊಂದು ಊರಿಗೆ ನೀರು ಕೊಡುವ ಹೊಳೆ ಇಲ್ಲಿ ಕಾಲು ತೊಳೆಯುವಷ್ಟೇ ಇದೆ. ಗಾಡಿಗೆ ಪೆಟ್ರೋಲ್, ಹೊಟ್ಟೆಗೆ ತಿಂಡಿ ಎರಡನ್ನೂ ಬೆಳಗಾವಿಯಲ್ಲೇ ಮುಗಿಸಿಕೊಂಡು ಬಂದದ್ದು ಒಳ್ಳೆಯದಾಯಿತು. ಈ ದಾರಿಯಲ್ಲಿ ಆಮೇಲೆ ಕಾಡು ಜಾಸ್ತಿ, ಅಂಗಡಿ ಕಡಿಮೆ.

ಚೋರ್ಲಾದಲ್ಲಿ ಮಂಜು ಮುಚ್ಚಿಕೊಂಡಿತು. ಹತ್ತು ಮಾರು ಆಚೆಗೆ ಏನೂ ಕಾಣದು. ಹೆಡ್‌ಲೈಟ್ ಹಾಕಿಕೊಂಡು, ತಿರುವಿಗೊಂದು ಹಾರ್ನ್ ಹೊಡೆಯುತ್ತ ಇಳಿದೆವು. ಬಂಡೆಯಿಂದ ರಸ್ತೆಗೇ ನೀರು ಸುರಿಯುತ್ತಿತ್ತು. ಕೆಳಗೆ ಕೇರಿ ಊರು ಹತ್ತಿರ ಬಂದಾಗ ಮಂಜು ಹರಿದು ಒಮ್ಮೆಲೇ ಸೆಖೆ ಹಿಡಿಯಿತು. ಅಲ್ಲೇ ಎಡಗಡೆಯ ಹಿಂದಿನ ಟೈರು ಕೂತುಬಿಟ್ಟಿತು.

ಸ್ಟೆಪ್ನಿ ಹಾಕಿಕೊಂಡು ಸಾಂಖಳಿಯವರೆಗೆ ಮೆಲ್ಲಗೆ ಬಂದೆವು. ಪಂಕ್ಚರ್ ಅಂಗಡಿಯವನಿಗೆ ತಮ್ಮ ಹಿಂದಿಯಲ್ಲಿ ಹೇಳಲು ಶುರು ಮಾಡಿದ. ಅವನು ನಂಬರ್ ಪ್ಲೇಟ್ ನೋಡಿ "ಧಾರವಾಡದವ್ರೇನ್ರಿ?" ಅಂದ. ಇಂಡಿ ಕಡೆಯವನಂತೆ. ಅಪ್ಪ ಗೌಂಡಿ ಕೆಲಸಕ್ಕೆ ಬಂದಿದ್ದ, ಮಗ ಇಲ್ಲೇ ಉಳಿದ. ಟೈರನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸಿ ಗುಳ್ಳೆ ಏಳುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತ ಮಾತಾಡಿದ. ನಾವು ಯಾಕೆ ಬಂದಿದ್ದೇವೆ ಅಂತ ಕೇಳಿದ. ಹೇಳಿದೆ. ಈ ಊರುಗಳೆಲ್ಲ ಒಂದು ಕಾಲಕ್ಕೆ ವಿಜಯಪುರದ ಬಾದಶಹನ ಕೈಯಲ್ಲಿದ್ದವು ಅಂದಾಗ ಕೆಲಸ ನಿಲ್ಲಿಸಿದ.

"ಹಂಗಾರ ನಾವು ಪರಊರಾಗ ಇಲ್ಲ ಬಿಡ್ರಿ" ಅಂದ.

ಗೋವಾದಲ್ಲಿ ದುಡಿಯುವ ನಮ್ಮ ಕಡೆಯ ಜನಕ್ಕೆ ಅಲ್ಲಿ ಎಂಥ ಮಾತು ಕೇಳಿಬರುತ್ತದೆ ಅಂತ ಬಲ್ಲವರಿಗೆ ಆ ಮಾತಿನ ತೂಕ ತಿಳಿಯುತ್ತದೆ. ಚಹಾ ತರಿಸಿದ. ದುಡ್ಡು ಕೊಟ್ಟರೆ ಚಹಾದ್ದು ತಗೊಳ್ಳಲಿಲ್ಲ, ಪಂಕ್ಚರಿನದು ಮಾತ್ರ ತಗೊಂಡ.

ಡಿಚೋಲಿ ತಲುಪಿದಾಗ ದೀಪ ಹತ್ತಿತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ಲಾಜಿನಲ್ಲಿ ರೂಮು ಸಿಕ್ಕಿತು. ಕಿಟಕಿ ತೆಗೆದರೆ ಮಾರ್ಕೆಟ್ಟಿನ ಗದ್ದಲ. ಊಟಕ್ಕೆ ಕೆಳಗಿನ ಖಾನಾವಳಿಯಲ್ಲಿ ಮೀನಿನ ತಾಟು. ಅನ್ನ, ತೆಂಗಿನಕಾಯಿ ಸಾರು, ರವೆ ಹಚ್ಚಿ ಹುರಿದ ಬಂಗುಡೆ, ಒಣ ಸಿಗಡಿಯ ಕಿಸ್ಮೂರ್, ಒಂದು ಲೋಟ ಸೋಲ್‌ಕಡಿ. ತಮ್ಮ ಮೀನು ತಿನ್ನುವುದಿಲ್ಲ. ಅವನಿಗೆ ಅಲಸಂದೆ ಉಸಳಿ, ಪಾವ್ ಕೊಟ್ಟರು. ಇಬ್ಬರಿಗೂ ಹೊಟ್ಟೆ ತುಂಬಿತು.

ಗುರುವಾರ: ನಾರ್ವೆ, ಹೊಳೆ, ದಿವಾರ್

ಬೆಳಿಗ್ಗೆ ಎದ್ದು ಊರು ಸುತ್ತಿದೆವು. ಪಾವ್ ಮಾರುವವನು ಸೈಕಲ್ಲಿನ ಹಾರ್ನ್ ಒತ್ತುತ್ತ ಮನೆ ಮನೆ ತಿರುಗುತ್ತಿದ್ದ. ಒಂದು ಪೊಯ್ ತಗೊಂಡು ಹರಿದರೆ ಒಳಗೆ ಇನ್ನೂ ಹಬೆ. ಗುಡ್ಡದ ಮೇಲೆ ನಮಾಜ್‌ಗಾಹ್ ಇದೆ, ಕೆಳಗೆ ಗುಡಿಗಳಿವೆ, ಚರ್ಚ್ ಇದೆ. ಕ್ಯಾಸ್ಟ್ರೊ ಹೆಸರಿನ ಬೋರ್ಡು ಎಲ್ಲೂ ಕಣ್ಣಿಗೆ ಬೀಳಲಿಲ್ಲ. ನನಗೆ ಅದರಿಂದ ಬೇಸರ ಆಯಿತು. ಇಷ್ಟು ದೊಡ್ಡ ಬದುಕನ್ನು ಈ ಸಣ್ಣ ಊರಿನಲ್ಲಿ ಕಳೆದ ಮನುಷ್ಯ. ಗೋವಾದ ಹುಡುಗರು ಗುಟ್ಟಾಗಿ ಗಡಿ ದಾಟಿ ಇಲ್ಲಿಗೆ ಬಂದು ಇವರ ಕೈಯಿಂದ ಪಾದ್ರಿ ದೀಕ್ಷೆ ತಗೊಂಡು ಹೋಗುತ್ತಿದ್ದರು. ಆ ದೀಕ್ಷೆ ಸಲ್ಲದು ಅಂತ ಗೋವಾದ ದೊಡ್ಡವರು ಹಟ ಹಿಡಿದರು.

ಜಗಳದ ಬೇರು ಇಷ್ಟು. ಪೂರ್ವದ ನಾಡುಗಳಲ್ಲಿ ಬಿಷಪ್ ಯಾರಾಗಬೇಕು ಅನ್ನುವ ಹಕ್ಕನ್ನು ಪೋಪರು ಹಿಂದೆಯೇ ಪೋರ್ಚುಗಲ್ ರಾಜನಿಗೆ ಬಿಟ್ಟುಕೊಟ್ಟಿದ್ದರು. ಅದನ್ನು ಪದ್ರುವಾದೊ ಅಂತಾರೆ. ಆಮೇಲೆ ರೋಮಿನವರಿಗೆ ಇದು ಸರಿ ಬರಲಿಲ್ಲ. 1622ರಲ್ಲಿ ಪ್ರೊಪಗಾಂಡ ಫಿದೆ ಅಂತ ತಮ್ಮದೇ ಇಲಾಖೆ ತೆರೆದರು. ಅದರ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೋಲಿಗೆ ಸ್ಥಳೀಯ ಜನರೇ ಪಾದ್ರಿಗಳಾಗಬೇಕು ಎಂಬ ಹಂಬಲ. ಗೋವಾದಿಂದ ನಡೆದು ಬಂದ ಕ್ಯಾಸ್ಟ್ರೊ ಅವನ ಕಣ್ಣಿಗೆ ಬಿದ್ದರು. ರೋಮ್ ಅವರನ್ನು ಎತ್ತಿ ಹಿಡಿಯಿತು, ಗೋವಾ ಅವರನ್ನು ತಳ್ಳಿತು. ನಡುವೆ ಸಿಕ್ಕಿಕೊಂಡವರು ಅವರು.

ಡಿಚೋಲಿಯಿಂದ ನಾರ್ವೆಗೆ ದೂರ ಇಲ್ಲ. ಅಡಿಕೆ ತೋಟ, ಕೆಮ್ಮಣ್ಣಿನ ದಿಬ್ಬ, ಅಲ್ಲಲ್ಲಿ ಅದಿರಿನ ಹಳೇ ಗುಡ್ಡ. ನಾರ್ವೆಯಲ್ಲಿ ಸಪ್ತಕೋಟೇಶ್ವರನ ಗುಡಿ. ಗೋವಾ ಕದಂಬರ ಮನೆದೇವರು. 'ಸಪ್ತಕೋಟೇಶ್ವರ ಲಬ್ಧವರಪ್ರಸಾದ' ಅಂತ ಅವರ ನಾಣ್ಯಗಳ ಮೇಲೆ, ಶಾಸನಗಳಲ್ಲಿ ಓದಿದ್ದೆ. ಹಲಸಿ ನೋಡಿದ ನಮ್ಮ ಕಡೆಯವರಿಗೆ ಇದು ಹೊಸ ದೇವರಲ್ಲ.

ಮೂಲ ಗುಡಿ ಇದ್ದದ್ದು ಹೊಳೆಯ ಆಚೆ, ದಿವಾರ್ ದ್ವೀಪದಲ್ಲಿ. ಬಹಮನಿಗಳ ಕಾಲದಲ್ಲಿ ಒಮ್ಮೆ ಹಾಳಾಯಿತು. ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ. ಪೋರ್ಚುಗೀಸರು ಬಂದು ಅದನ್ನೂ ಕೆಡವಿದರು. ಭಕ್ತರು ಲಿಂಗವನ್ನು ಹೊಳೆ ದಾಟಿಸಿ ಈಚೆ ತಂದರು. 1668ರಲ್ಲಿ ಶಿವಾಜಿ ಈ ಗುಡಿ ಕಟ್ಟಿಸಿದ. ಚಿಕ್ಕ ಗುಡಿ. ಮುಂದೆ ದೀಪಸ್ತಂಭ, ಮೇಲೆ ಎಂಟು ಮೂಲೆಯ ಗುಮ್ಮಟ. ಈಚೆಗೆ ಜೀರ್ಣೋದ್ಧಾರ ಆಗಿ ಸುಣ್ಣ ಬಳಿದು ಚೆಂದವಾಗಿದೆ. ಅರ್ಚಕರು ಆರತಿ ತಟ್ಟೆಯನ್ನು ಲಿಂಗದ ಹತ್ತಿರ ಹಿಡಿದರು. ನುಣ್ಣನೆಯ ದುಂಡು ಲಿಂಗ ಅಲ್ಲ ಅದು. ಸುತ್ತಲೂ ಪಟ್ಟಿ ಪಟ್ಟಿಯಾಗಿ ಕಡೆದಿದ್ದಾರೆ. ಬೆಳಕು ಅತ್ತಿತ್ತ ಆಡಿದಾಗ ಒಂದೊಂದು ಪಟ್ಟಿ ಹೊಳೆದು ಮತ್ತೆ ಕಪ್ಪಾಗುತ್ತಿತ್ತು.

ನಾನು ಯೋಚಿಸಿದ್ದು ಇದು. ದಿವಾರ್‌ನ ದೇವರು ಈ ದಡಕ್ಕೆ ಬಂದದ್ದು ಪೋರ್ಚುಗೀಸರು ಆ ದಡದಲ್ಲಿ ಇರಗೊಡಲಿಲ್ಲ ಅಂತ. ನೂರು ವರ್ಷದ ಮೇಲೆ ಅದೇ ದ್ವೀಪದ ಬಿಷಪ್ ಇದೇ ದಡದ ಸೀಮೆಗೆ ಬಂದದ್ದೂ ಅದೇ ಕಾರಣಕ್ಕೆ. ಒಬ್ಬರು ಶಿವ, ಇನ್ನೊಬ್ಬರು ಕ್ರೈಸ್ತ ಗುರು. ಹೊರಗೆ ಹಾಕಿದ ಕೈ ಒಂದೇ.

ಗುಡಿಯಿಂದ ಫೆರಿ ಕಟ್ಟೆಗೆ ಬಂದೆವು. ದೋಣಿ ಆಚೆ ಇತ್ತು. ಕಟ್ಟೆಯ ಮೆಟ್ಟಿಲ ಮೇಲೆ ಕೂತೆವು. ಹೊಳೆ ಅಗಲ ಇಲ್ಲ. ಆಚೆ ದಡದ ತೆಂಗಿನ ಮರ, ಮನೆಯ ಹೆಂಚು, ಬಟ್ಟೆ ಒಣಗಿಸಿದ ಹಗ್ಗ ಎಲ್ಲ ಕಾಣುತ್ತಿತ್ತು. ಯಾರೋ ನಾಯಿಯನ್ನು ಗದರಿಸಿದ್ದು ಕೂಡ ಕೇಳಿತು. ಇದೇ ಗಡಿ. ಈಚೆ ಆದಿಲ್‌ಶಾಹ, ಆಚೆ ಪೋರ್ಚುಗಲ್. ಪೋಪ್ ಎಂಟನೇ ಅರ್ಬನ್ ಕಾಲದಲ್ಲಿ ರೋಮಿನಲ್ಲಿ ಅಭಿಷೇಕವಾದ ಬಿಷಪ್. ಹುಟ್ಟಿದ ದ್ವೀಪ ಕಣ್ಣಳತೆಯಲ್ಲಿ. ಅಲ್ಲಿಗೆ ಹೋಗಿ ಬಿಷಪ್ಪರಾಗಿ ನಿಂತು ಒಂದು ಪೂಜೆ ಸಲ್ಲಿಸುವ ಹಾಗಿಲ್ಲ. ಪುಸ್ತಕದಲ್ಲಿ ಓದಿದಾಗ ನಾನು ಗಡಿ ಅಂದರೆ ಗುಡ್ಡ, ಕಾಡು, ಎರಡು ದಿನದ ದಾರಿ ಅಂತ ಅಂದುಕೊಂಡಿದ್ದೆ. ಇಲ್ಲಿ ಕೂತರೆ ಹೊಟ್ಟೆ ಹಿಂಡುತ್ತದೆ.

"ಅಣ್ಣಾ, ಈಜಿ ಹೋಗಬಹುದಿತ್ತಲ್ಲ" ಅಂದ ತಮ್ಮ. ಅವನೂ ಅದನ್ನೇ ನೋಡುತ್ತಿದ್ದ.

ಫೆರಿ ಬಂತು. ನಡೆದು ಹೋಗುವವರಿಗೆ ದುಡ್ಡಿಲ್ಲ, ಕಾರಿಗೆ ಸ್ವಲ್ಪ ಕೊಡಬೇಕು. ಸೀರೆ ಮಡಚಿ ಹಿಡಿದ ಹೆಂಗಸರು, ಶಾಲೆ ಹುಡುಗರು, ಗ್ಯಾಸ್ ಸಿಲಿಂಡರ್ ಹೇರಿಕೊಂಡ ಒಂದು ಟೆಂಪೊ. ಎಂಜಿನ್ ಸದ್ದು ಜೋರಾಗಿ ಮಾತು ಕೇಳದಷ್ಟಾಯಿತು. ಕೇಳದ ಮಾತನ್ನು ಪೂರ್ತಿ ಮಾಡುವಷ್ಟರಲ್ಲಿ ದಡ ಬಂತು.

ದಿವಾರ್ ನಮ್ಮ ಮನಸ್ಸಿಗೆ ತುಂಬ ಹಿಡಿಸಿತು. ದ್ವೀಪಕ್ಕೆ ರಸ್ತೆ ಸೇತುವೆ ಇಲ್ಲ. ಅದರಿಂದ ಗಲಾಟೆಯೂ ಇಲ್ಲ. ಎರಡೂ ಕಡೆ ಖಾಜನ್ ಗದ್ದೆ, ನಡುವೆ ನೇರ ರಸ್ತೆ. ಉಪ್ಪುನೀರು ಒಳಗೆ ನುಗ್ಗದ ಹಾಗೆ ಮಣ್ಣಿನ ಒಡ್ಡು ಹಾಕಿ, ತೂಬಿಗೆ ಮರದ ಬಾಗಿಲು ಇಟ್ಟಿದ್ದಾರೆ. ಭರತ ಬಂದಾಗ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚುತ್ತದೆ, ಇಳಿತಕ್ಕೆ ತೆರೆಯುತ್ತದೆ. ಕುಮಟಾ ಕಡೆಯ ಗಜನಿ ಗದ್ದೆ ನೋಡಿದವರಿಗೆ ತಕ್ಷಣ ಗುರುತು ಹತ್ತುತ್ತದೆ. ಭತ್ತ ತೆನೆ ಕಟ್ಟಿತ್ತು. ಬೆಳ್ಳಕ್ಕಿ ಹಿಂಡು.

ಗುಡ್ಡದ ಮೇಲೆ ಪಿಯೆದಾದೆ ಚರ್ಚ್. ಬಿಳಿ ಗೋಡೆ, ಅಗಲ ಮೆಟ್ಟಿಲು. ಅಲ್ಲಿ ನಿಂತರೆ ಮಾಂಡೋವಿ ಹೊಳೆ, ಅದರ ಆಚೆ ಮರಗಳ ಮೇಲೆ ಹಳೇ ಗೋವೆಯ ಚರ್ಚುಗಳ ತಲೆ. ಪಕ್ಕದ ಸ್ಮಶಾನದಲ್ಲಿ ಒಂದು ಪುಟ್ಟ ಚಾಪೆಲ್ ಇದೆ. ಅದು ಹಳೇ ಗುಡಿಯ ಭಾಗ ಅಂತ ಊರವರು ಹೇಳುತ್ತಾರೆ. ಒಳಗೆ ತಲೆ ಎತ್ತಿ ನೋಡಿದರೆ ನಂಬಲೇಬೇಕು. ಚಾವಣಿ ಕಲ್ಲಿನಲ್ಲಿ ಕದಂಬರ ಕೆತ್ತನೆ, ನಮ್ಮ ಗುಡಿಗಳಲ್ಲಿ ಕಾಣುವಂಥದ್ದೇ. ಮೇಲೆ ಸುಣ್ಣದ ಬಣ್ಣ, ಕೆಳಗೆ ಶಿಲುಬೆ.

ಚರ್ಚಿನ ಅಂಗಳ ಗುಡಿಸುತ್ತಿದ್ದ ಅಜ್ಜಿಗೆ ನಾವೆಲಿಂ ಯಾವ ಕಡೆ ಅಂತ ತಮ್ಮ ಮರಾಠಿಯಲ್ಲಿ ಕೇಳಿದ. ಅಜ್ಜಿ ಕೊಂಕಣಿಯಲ್ಲಿ ಹೇಳಿದರು. ಕೈಯ ಪೊರಕೆಯನ್ನೇ ದಿಕ್ಕಿಗೆ ಚಾಚಿದರು. ಬಿಷಪ್ ಡಿ ಕ್ಯಾಸ್ಟ್ರೊ ಗೊತ್ತಾ ಅಂದೆವು. "ಇಲ್ಲಿ ಸುಮಾರು ಜನ ಪಾದ್ರಿಗಳಾಗಿದ್ದಾರೆ, ಯಾವ ಮನೆಯವರು?" ಅಂತ ನಮ್ಮನ್ನೇ ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಮುನ್ನೂರೈವತ್ತು ವರ್ಷ ಆಗಿದೆ ಅಂದಾಗ ನಕ್ಕು, ಹಾಗಾದರೆ ನಾವೆಲಿಂಗೇ ಹೋಗಿ ಅಂದರು.

ನಾವೆಲಿಂನಲ್ಲಿ ಕಲ್ಲಿನ ಹಳೇ ಮನೆಗಳು, ಉದ್ದ ಜಗುಲಿ, ಚಿಪ್ಪು ಕೂರಿಸಿದ ಕಿಟಕಿ. ತುಂಬ ಮನೆಗಳಿಗೆ ಬೀಗ. ಮಕ್ಕಳು ಹೊರದೇಶದಲ್ಲಿ ಇದ್ದಾರೆ ಅಂತ ಅಂಗಡಿಯವರು ಹೇಳಿದರು. ಈ ಊರಿನವರು ದೂರ ಹೋಗುವುದು ಕ್ಯಾಸ್ಟ್ರೊ ಕಾಲದಿಂದ ನಿಂತೇ ಇಲ್ಲ. ರಾತ್ರಿ ದ್ವೀಪದಲ್ಲೇ ಒಂದು ಹೋಂಸ್ಟೇಯಲ್ಲಿ ಉಳಿದೆವು. ರಾತ್ರಿ ಊಟಕ್ಕೆ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ದ್ವೀಪದಲ್ಲಿ ಹೊತ್ತಿಗೆ ಸರಿಯಾಗಿ ಏನೂ ಸಿಗದು. ಸೊಳ್ಳೆ ಜಾಸ್ತಿ. ಮಲಗುವ ತನಕ ಗದ್ದೆ ಕಪ್ಪೆಗಳ ಸದ್ದು.

ಶುಕ್ರವಾರ: ಹಳೇ ಗೋವೆ

ಬೆಳಿಗ್ಗೆ ದಕ್ಷಿಣದ ಕಟ್ಟೆಯಿಂದ ಫೆರಿ ಹತ್ತಿ ಹಳೇ ಗೋವೆಗೆ ಬಂದೆವು. ಕಟ್ಟೆಯಿಂದ ಮೇಲೆ ನಡೆದರೆ ಮೊದಲು ಸಿಗುವುದು ವೈಸ್‌ರಾಯ್ ಕಮಾನು. ಹೊಸದಾಗಿ ಬಂದ ವೈಸ್‌ರಾಯ್ ಇದರ ಕೆಳಗೇ ಊರೊಳಗೆ ಕಾಲಿಡಬೇಕಿತ್ತು. ಒಂಬತ್ತಕ್ಕೆ ಮೊದಲು ಬಂದರೆ ಟೂರಿಸ್ಟ್ ಬಸ್ಸುಗಳು ಇರುವುದಿಲ್ಲ, ಕಲ್ಲೂ ಬಿಸಿ ಆಗಿರುವುದಿಲ್ಲ.

ಸೇ ಕೆಥಡ್ರಲ್ ಒಳಗೆ ಹೋದಾಗ ಗುಡಿಸುವವರು ಬಿಟ್ಟರೆ ಯಾರೂ ಇರಲಿಲ್ಲ. 1562ರಲ್ಲಿ ಶುರುವಾಗಿ ಕಟ್ಟಡ ಮುಗಿಯಲು 1619 ಆಯಿತು. ಎರಡು ಗೋಪುರ ಇದ್ದವು, 1776ರಲ್ಲಿ ಒಂದು ಬಿತ್ತು. ಇದು ಆರ್ಚ್‌ಬಿಷಪ್ಪರ ಪೀಠ. ಕ್ಯಾಸ್ಟ್ರೊಗೆ ಬಾಗಿಲು ಮುಚ್ಚಿದ್ದು ಈ ಪೀಠವೇ. ಪಾದ್ರಿಯಾಗಿ ರೋಮಿನ ಕಾಗದ ಹಿಡಿದು ಬಂದಾಗ ಇದನ್ನು ಮೋಸದಿಂದ ತಂದಿದ್ದೀಯ ಅಂದರು. ಬಿಷಪ್ಪರಾಗಿ ಬಂದಾಗಲೂ ಅದೇ ಮಾತು. ಆಗ ಗೋವಾದಲ್ಲಿದ್ದ ಇಥಿಯೋಪಿಯಾದ ಪೇಟ್ರಿಯಾರ್ಕ್, ಅಂದರೆ ಅಲ್ಲಿನ ಕ್ಯಾಥೊಲಿಕರ ಹಿರಿಯ ಬಿಷಪ್, ಅಫೋನ್ಸೊ ಮೆಂಡಿಸ್ ಎಂಬಾತ ಕ್ಯಾಸ್ಟ್ರೊ ಅವರ ಮೈಬಣ್ಣವನ್ನೇ ಹಿಡಿದು ಹಂಗಿಸಿ ಬರೆದ. ಅದೂ ಕ್ರಿಸ್ತನ ಹೆಸರಿನಲ್ಲಿ ದೀಕ್ಷೆ ಪಡೆದ ಇನ್ನೊಬ್ಬ ಬಿಷಪ್ಪನ ಬಗ್ಗೆ. ಎತ್ತರದ ಕಮಾನುಗಳು, ಚಿನ್ನದ ಬಣ್ಣದ ಬಲಿಪೀಠ ಎಲ್ಲ ನೋಡಿದೆ. ಚೆಂದ ಇದೆ ಅನ್ನುವುದರಲ್ಲಿ ಎರಡು ಮಾತಿಲ್ಲ. ನನ್ನ ಮನಸ್ಸು ಮಾತ್ರ ಬಾಗಿಲ ಹತ್ತಿರವೇ ನಿಂತಿತ್ತು.

ಸ್ವಲ್ಪ ಕೆಳಗೆ ಸೇಂಟ್ ಕ್ಯಾಜಿಟನ್ ಚರ್ಚ್. ರೋಮಿನ ಸೇಂಟ್ ಪೀಟರ್ಸ್ ಮಾದರಿ ನೋಡಿ ಕಟ್ಟಿದ್ದು. ಕಟ್ಟಿದವರು ಥಿಯಟೈನ್ ಪಾದ್ರಿಗಳು, ಇಟಲಿಯವರು. ಅವರನ್ನು ಪೋಪ್ ಕಳಿಸಿದ್ದು ಗೋಲ್ಕೊಂಡಕ್ಕೆ. ಅಲ್ಲಿ ನೆಲೆ ಸಿಗದೆ ಗೋವಾದಲ್ಲಿ ಉಳಿದರು. ಚರ್ಚಿನ ಎದುರಿಗೆ ಕಪ್ಪು ಕಲ್ಲಿನ ಒಂದು ಬಾಗಿಲುವಾಡ ಒಂಟಿಯಾಗಿ ನಿಂತಿದೆ. ಆದಿಲ್‌ಶಾಹನ ಅರಮನೆಯಲ್ಲಿ ಉಳಿದದ್ದು ಅದೊಂದೇ. ಎರಡೂ ಕಡೆ ಜಾಲಿ ಕೆತ್ತಿದ ಕಲ್ಲು. ಪೋರ್ಚುಗೀಸರು ಬಂದ ಮೇಲೆ ಆ ಅರಮನೆಯನ್ನು ಮೊದಲು ವೈಸ್‌ರಾಯ್ ಬಳಸಿದ. 1560ರಲ್ಲಿ ಧರ್ಮ ವಿಚಾರಣೆಯ ಕೋರ್ಟು, ಅಂದರೆ ಇನ್‌ಕ್ವಿಝಿಷನ್, ಗೋವಾಕ್ಕೆ ಬಂತು. ಅದು ಕೂತದ್ದೂ ಆ ಅರಮನೆಯಲ್ಲೇ.

ತಮ್ಮ ಬಾಗಿಲುವಾಡದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡ. ಅಷ್ಟರಲ್ಲಿ ಮಳೆ ಹಿಡಿಯಿತು. ಬಿಸಿಲಿದ್ದ ಆಕಾಶದಿಂದ ಒಮ್ಮೆಲೇ ಸುರಿಯುವ ಮಳೆ. ಓಡಿ ಚರ್ಚಿನ ಮೆಟ್ಟಿಲು ಹತ್ತುವಾಗ ಅವನ ಫೋನ್ ಜಾರಿ ಕೆಸರಿಗೆ ಬಿತ್ತು. ದಿವಾರ್ ಫೋಟೊಗಳೆಲ್ಲ ಅದರಲ್ಲೇ ಇದ್ದವು. ಗೈಡ್ ಒಬ್ಬರು ಕರವಸ್ತ್ರ ಕೊಟ್ಟರು. ಒರೆಸಿ, ಆಫ್ ಮಾಡಿ, ಸಂಜೆವರೆಗೆ ಮುಟ್ಟಬೇಡಿ ಅಂದರು. ಅವರ ಮಾತು ಕೇಳಿದ್ದರಿಂದ ಫೋನ್ ಉಳಿಯಿತು.

ಆ ಗೈಡ್ ಜತೆ ಮಳೆ ನಿಲ್ಲುವ ತನಕ ಮಾತಾಡಿದೆವು. ಕ್ಯಾಸ್ಟ್ರೊ ಬಗ್ಗೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನಷ್ಟು ಮೆಚ್ಚುಗೆ ಇರಲಿಲ್ಲ. ಅವರು ಉತ್ತರ ಗೋವಾದ ಬಾರ್ದೇಸ್ ತಾಲೂಕಿನವರು. "1654ರಲ್ಲಿ ವಿಜಯಪುರದ ಸೈನ್ಯ ನಮ್ಮ ಊರುಗಳಿಗೆ ನುಗ್ಗಿತು. ಅದನ್ನು ಕರೆಸಿದ್ದು ಆ ಬಿಷಪ್ ಅಂತ ಪೋರ್ಚುಗೀಸರು ಬರೆದಿದ್ದಾರೆ. ಸತ್ತವರು ಪೋರ್ಚುಗೀಸರಲ್ಲ, ನಮ್ಮ ಜನ" ಅಂದರು.

ಆ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ದಾಳಿಗೆ ಹಿಂದಿನ ವರ್ಷ, 1653ರಲ್ಲಿ, ಕ್ಯಾಸ್ಟ್ರೊ ಡಿಚೋಲಿಯಿಂದ ಒಂದು ಬರಹ ಹೊರಡಿಸಿದ್ದರು. 'ಬ್ರಾಹ್ಮಣರ ಕನ್ನಡಿ' ಎಂಬ ಅರ್ಥದ ಹೆಸರು ಅದಕ್ಕೆ. ಪರದೇಶಿಗಳ ಕಾಲ ಕೆಳಗೆ ಎಷ್ಟು ದಿನ ಇರುತ್ತೀರಿ, ಎದ್ದೇಳಿ ಅಂತ ಗೋವಾದ ಕ್ರೈಸ್ತ ಬ್ರಾಹ್ಮಣರಿಗೆ ಕೊಟ್ಟ ಕರೆ. ನನಗೆ ಇದರಲ್ಲಿ ಎರಡು ವಿಷಯ ಕಾಣುತ್ತವೆ. ಹದಿನೇಳನೇ ಶತಮಾನದಲ್ಲಿ ಒಬ್ಬ ಭಾರತೀಯ ಪೋರ್ಚುಗೀಸರ ಎದುರು ಇಷ್ಟು ಗಟ್ಟಿಯಾಗಿ ಬರೆದ ಅನ್ನುವುದು ಸಣ್ಣದಲ್ಲ. ಆದರೆ ಅವರು ಕರೆದದ್ದು ತಮ್ಮ ಜಾತಿಯವರನ್ನು. ಬಣ್ಣದ ಮೇಲೆ ತಳ್ಳಿಸಿಕೊಂಡ ಮನುಷ್ಯನಿಗೆ ಕುಲದ ಮೇಲೆ ತಳ್ಳಿಸಿಕೊಂಡವರು ಕಾಣಲಿಲ್ಲ. ಇದನ್ನು ಗೈಡ್‌ಗೆ ಹೇಳಿದೆ. ಅವರು ತಲೆಯಾಡಿಸಿ, "ಅದು ನಮ್ಮಲ್ಲಿ ಇವತ್ತಿಗೂ ಇದೆ" ಅಂದರು.

1658ರಲ್ಲಿ ಕ್ಯಾಸ್ಟ್ರೊ ಮತ್ತೆ ರೋಮಿಗೆ ಹೋದರು. ಅಲ್ಲಿಂದ ವಾಪಸ್ ಬರಲಿಲ್ಲ. 1670ರ ದಶಕದಲ್ಲಿ ಅಲ್ಲೇ ತೀರಿಕೊಂಡರು. ಮುದಿತನದಲ್ಲಿ ಪ್ರೊಪಗಾಂಡದವರಿಗೆ ಪತ್ರದ ಮೇಲೆ ಪತ್ರ.

ಶನಿವಾರ: ರೈಸ್ ಮಾಗೋಸ್, ಆಮೇಲೆ ದಕ್ಷಿಣಕ್ಕೆ

ಪಣಜಿಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಸೇತುವೆ ದಾಟಿ ರೈಸ್ ಮಾಗೋಸ್‌ಗೆ ಹೋದೆವು. ಕ್ಯಾಸ್ಟ್ರೊ ಹುಡುಗನಾಗಿ ಓದಿದ್ದು ಇಲ್ಲಿ, ಫ್ರಾನ್ಸಿಸ್ಕನ್ ಪಾದ್ರಿಗಳ ಶಾಲೆಯಲ್ಲಿ. ಮೇಲೆ ಕೆಂಪು ಕೋಟೆ, ಕೆಳಗೆ ಬಿಳಿ ಚರ್ಚ್. ಎಲ್ಲರೂ ಕೋಟೆಗೆ ಹೋಗುತ್ತಾರೆ. ಕೋಟೆ ನೋಡಲೇಬೇಕು, ಮೇಲಿಂದ ಹೊಳೆ ಸಮುದ್ರ ಸೇರುವುದು ಕಾಣುತ್ತದೆ. ಆದರೆ ಚರ್ಚಿನ ಮೆಟ್ಟಿಲ ಬುಡದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಅಲ್ಲಿ ಕಲ್ಲಿನ ಸಿಂಹಗಳಿವೆ. ಕಣ್ಣು, ಕೇಸರ, ಎತ್ತಿದ ಪಂಜ ನೋಡಿದರೆ ಹಂಪಿ ಕಡೆಯ ಕೈಕೆಲಸದ ನೆನಪಾಗುತ್ತದೆ. ಹಳೇ ಗುಡಿಯೊಂದರಿಂದ ಬಂದ ಕಲ್ಲುಗಳು ಅಂತಾರೆ. ಮೂಗು ಸವೆದಿದೆ, ಮಕ್ಕಳು ಹತ್ತಿ ಕೂತು ಬೆನ್ನು ನುಣುಪಾಗಿದೆ. ಲ್ಯಾಟಿನ್ ಪಾಠಕ್ಕೆ ಓಡುವ ಹುಡುಗ ಕ್ಯಾಸ್ಟ್ರೊ ಕೂಡ ಇವನ್ನು ದಾಟಿರಬೇಕು, ಅಲ್ವಾ?

ಅಲ್ಲಿಂದ ಮಂಗಳೂರಿಗೆ ಹೊರಟೆವು. ತಂಗಿ ಮನೆ ಅಲ್ಲಿದೆ, ಜತೆಗೆ ಈ ಕಥೆಯ ಕೊನೇ ತುಣುಕೂ ಅಲ್ಲಿದೆ. ಕಾಣಕೋಣದ ತಿರುವುಗಳಲ್ಲಿ ಲಾರಿಗಳ ಹಿಂದೆ ಹೊತ್ತು ಹೋಯಿತು. ಕಾರವಾರದಲ್ಲಿ ಕಾಳಿ ಹೊಳೆ ದಾಟುವಾಗ ಸಂಜೆ. ಅಂಕೋಲಾದಲ್ಲಿ ನಿಂತು ಊಟ ಮಾಡಿದೆವು. ಕುಚ್ಚಲಕ್ಕಿ ಅನ್ನ, ಅಪ್ಪೆಹುಳಿ. ಅಪ್ಪೆಹುಳಿಯನ್ನು ತಮ್ಮ ಎರಡು ಸಲ ಕೇಳಿ ಹಾಕಿಸಿಕೊಂಡ. ಕುಂದಾಪುರದಲ್ಲಿ ಮಲಗಿದೆವು. ರಾತ್ರಿ ಹೊತ್ತು ಈ ಹೆದ್ದಾರಿಯಲ್ಲಿ ದನಗಳು ರಸ್ತೆ ಮೇಲೇ ಮಲಗಿರುತ್ತವೆ, ಹಟ ಮಾಡಿ ಓಡಿಸುವುದು ಬೇಡ.

ಭಾನುವಾರ: ಹಂಪನಕಟ್ಟೆಯ ಮಿಲಾಗ್ರಿಸ್

ಮತೆಯುಸ್ ರೋಮಿಗೆ ಹೋದ ಮೇಲೆ ವಿಜಯಪುರದ ಹೊಣೆ ಗೋವಾದವರೇ ಆದ ಕುಸ್ತೋದಿಯೊ ದ ಪಿನ್ಯೊ ಎಂಬುವರಿಗೆ ಬಂತು. ಕೆನರಾ ಸೀಮೆಗೆ ಬಿಷಪ್ಪರಾಗಿ ಬಂದವರು ಥೋಮಸ್ ಡಿ ಕ್ಯಾಸ್ಟ್ರೊ. ಮತೆಯುಸ್ ಅವರ ಮನೆತನದವರೇ, ದಿವಾರ್‌ನವರೇ. ಹಳೇ ಗೋವೆಯಲ್ಲಿ ನೋಡಿದೆವಲ್ಲ, ಆ ಥಿಯಟೈನ್ ಪಂಗಡದ ಪಾದ್ರಿ. ಮಂಗಳೂರಿನಲ್ಲಿ ಆಗ ಕೆಳದಿಯವರ ಆಳ್ವಿಕೆ. ರಾಣಿ ಚೆನ್ನಮ್ಮ ಕೊಟ್ಟ ಜಾಗದಲ್ಲಿ ಥೋಮಸ್ 1680ರಲ್ಲಿ ಮಿಲಾಗ್ರಿಸ್ ಚರ್ಚ್ ಕಟ್ಟಿಸಿದರು. ಅವರಿಗೂ ಗೋವಾದವರ ವಿರೋಧ ತಪ್ಪಲಿಲ್ಲ. ದೊಡ್ಡವರಿಗೆ ವಿಜಯಪುರದ ಸುಲ್ತಾನ ನೆಲ ಕೊಟ್ಟ, ಕಿರಿಯರಿಗೆ ಕೆಳದಿಯ ಲಿಂಗಾಯತ ರಾಣಿ ಕೊಟ್ಟಳು. ಗೋವಾದಲ್ಲಿ ಸಿಗದ ಮರ್ಯಾದೆ ಇಬ್ಬರಿಗೂ ಸಿಕ್ಕಿದ್ದು ಕನ್ನಡ ನಾಡನ್ನು ಆಳಿದವರಿಂದ. ಇದನ್ನು ನಮ್ಮ ಶಾಲೆ ಪುಸ್ತಕಗಳಲ್ಲಿ ಒಂದು ಸಾಲಾದರೂ ಬರೆಯಬೇಕಿತ್ತು ಅಂತ ನನ್ನ ಆಸೆ.

ಭಾನುವಾರದ ಪೂಜೆ ಬಿಟ್ಟು ಜನ ಹೊರಗೆ ಬರುತ್ತಿದ್ದರು. ಹಂಪನಕಟ್ಟೆಯ ಟ್ರಾಫಿಕ್ ನಡುವೆ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ದೂರ ನಿಲ್ಲಿಸಿ ನಡೆದು ಬಂದೆವು. ಈಗಿನ ಚರ್ಚ್ ಆಮೇಲೆ ಕಟ್ಟಿದ್ದು. ಥೋಮಸ್ ಕಟ್ಟಿಸಿದ ಚರ್ಚ್ ಇದ್ದದ್ದು ಸ್ಮಶಾನದ ಜಾಗದಲ್ಲಿ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಅದು ನೆಲಸಮ ಆಯಿತು. ಥೋಮಸ್ 1684ರಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದವರು. ಅವರ ಕಾಲದ ನಂತರ, ಲ್ಯಾಟಿನ್ ಪಂಥದ ಒಂದು ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತದ ಸೀಮೆ, ಭಾರತೀಯ ಬಿಷಪ್ಪರ ಕೈಗೆ ಬರಲು 1923 ಆಗಬೇಕಾಯಿತು, ಅದು ತೂತುಕುಡಿಯಲ್ಲಿ.

ಸ್ಮಶಾನದ ಗೇಟಿನ ಹತ್ತಿರ ಹೂ ಹಿಡಿದುಕೊಂಡಿದ್ದ ಒಬ್ಬ ಹಿರಿಯರು ನಮ್ಮನ್ನು ನೋಡಿ, "ಯಾರ ಮನೆಗೆ ಬಂದದ್ದು ನೀವು?" ಅಂದರು. ವಿಷಯ ಹೇಳಿದೆವು. ಹೆಂಡತಿಯ ಸಮಾಧಿಗೆ ಹೂ ಇಟ್ಟು ಬಂದು ನಮ್ಮ ಜತೆ ನಿಂತರು.

"ನಮ್ಮದು ಕೂಡ ಬಾರ್ದೇಸ್‌ನಿಂದ ಬಂದ ಕುಟುಂಬ ಮಾರಾಯ್ರೆ. ಇನ್‌ಕ್ವಿಝಿಷನ್, ಬರ, ಯುದ್ಧ, ಯಾವುದಕ್ಕೆ ಓಡಿ ಬಂದದ್ದು ಅಂತ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಗೋವಾಕ್ಕೆ ಹೋಗಿದ್ದೇನೆ, ಈ ದಿವಾರ್‌ಗೆ ಹೋಗಲಿಲ್ಲ. ಹೋಗಲಿಕ್ಕೆ ಹೇಗೆ?"

ರೈಲಿನಲ್ಲಾದರೆ ಕರ್ಮಲಿ ಸ್ಟೇಷನ್‌ನಲ್ಲಿ ಇಳಿಯಿರಿ, ಅಲ್ಲಿಂದ ಹಳೇ ಗೋವೆ ಫೆರಿ ಹತ್ತಿರ ಅಂತ ತಮ್ಮ ಶುರು ಮಾಡಿದ. ನಾನು ತಡೆದೆ. ಒಂದು ಅರ್ಧ ದಿನ ಜಾಸ್ತಿ ಆದರೂ ಪರವಾಗಿಲ್ಲ, ಡಿಚೋಲಿಗೆ ಬಸ್ಸಿನಲ್ಲಿ ಹೋಗಿ ನಾರ್ವೆ ಕಡೆಯಿಂದ ದಾಟಿ ಅಂದೆ. ಅವರು ಚರ್ಚಿನ ವಾರದ ಪತ್ರಿಕೆ ಮಡಚಿ, ಹಿಂಬದಿಯಲ್ಲಿ ಊರುಗಳ ಹೆಸರನ್ನು ನಾನು ಹೇಳಿದ ಹಾಗೆ ಒಂದರ ಕೆಳಗೊಂದು ಬರೆದುಕೊಂಡರು. ಆಮೇಲೆ ಮಗನಿಗೆ ಫೋನ್ ಮಾಡಿ, ಕ್ರಿಸ್ಮಸ್ ರಜೆಗೆ ಕಾರು ಬೇಕು ಅಂದರು.